ಸೋತ ಹೃದಯ, ಬಿಗಿದ ರಕ್ತನಾಳ

ಚಿಕ್ಕಮ್ಮನಿಗೆ ಹೃದಯ ವೈಫಲ್ಯವಿದೆ ಎಂದು ಗೊತ್ತಾಗಿ ಎರಡು ವರ್ಷ ಕಳೆದಿದೆ. ಹೋದ ತಿಂಗಳು ಅವರು ಫೋನ್ ಮಾಡಿ, ಪರಿಚಯದವರೊಬ್ಬರು ತಂದುಕೊಟ್ಟ ವಿಟಮಿನ್ ಇ ಮಾತ್ರೆಗಳ ಡಬ್ಬಿಯ ಮೇಲಿನ ಬರಹವನ್ನು ನಿಧಾನವಾಗಿ ಓದಿ ಹೇಳಿ, "ರಕ್ತನಾಳಕ್ಕೆ ಹಿಡಿದ ತುಕ್ಕನ್ನು ಇದು ಬಿಡಿಸುತ್ತದಂತೆ ಕಣೋ, ತಗೊಳ್ಳಬಹುದಾ?" ಎಂದು ಕೇಳಿದರು. "ಬೇಡ ಚಿಕ್ಕಮ್ಮ, ನಿಮ್ಮ ಡಾಕ್ಟರಿಗೆ ತೋರಿಸದೆ ಅದನ್ನು ಮುಟ್ಟಬೇಡಿ" ಎಂದೆ. "ಯಾಕೆ, ತುಕ್ಕು ಹಿಡಿಯುತ್ತದೆ ಅನ್ನುವುದು ಸುಳ್ಳಾ?" ಎಂದರು. ಸುಳ್ಳಲ್ಲ, ತೊಡಕಿರುವುದು ಅಲ್ಲಿಯೇ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವ ನನಗೂ ಆ ಪ್ರಶ್ನೆಗೆ ಫೋನಿನಲ್ಲಿ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಅದಕ್ಕೆ ಬೇಕಾದಷ್ಟು ಜಾಗ ತೆಗೆದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಹೊರದೂಡಲಾರದ, ಅಥವಾ ತನ್ನೊಳಗಿನ ಒತ್ತಡವನ್ನು ಏರಿಸಿಕೊಂಡು ಮಾತ್ರ ದೂಡಬಲ್ಲ ಸ್ಥಿತಿ ಅದು. ಬಹಳ ಕಾಲ ವೈದ್ಯರು ಇದನ್ನು ಪಂಪಿನ ಕಾಯಿಲೆಯೆಂದೇ ಎಣಿಸಿದ್ದರು. ಆದರೆ ಪಂಪು ಎಷ್ಟು ದುಡಿಯಬೇಕೆಂಬುದನ್ನು ಅದರ ಮುಂದಿರುವ ಕೊಳವೆಗಳೂ ನಿರ್ಧರಿಸುತ್ತವೆ. ಸಣ್ಣ ನಾಳವೊಂದರ ಒಳ ತ್ರಿಜ್ಯ ಶೇಕಡಾ 10ರಷ್ಟು ಕಿರಿದಾದರೆ, ಒತ್ತಡ ಅಷ್ಟೇ ಇದ್ದರೂ ಹರಿವು ಸುಮಾರು ಶೇಕಡಾ 34ರಷ್ಟು ಇಳಿಯುತ್ತದೆ. ಹರಿವು ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ ಕೂದಲೆಳೆಯಷ್ಟು ಬಿಗಿತಕ್ಕೂ ಇಷ್ಟು ದೊಡ್ಡ ದಂಡ ತೆರಬೇಕಾಗುತ್ತದೆ. ಅದೂ ಅಲ್ಲದೆ ರಕ್ತನಾಳ ಜಡವಾದ ಕೊಳವೆಯಲ್ಲ, ಅದು ಕ್ಷಣಕ್ಷಣಕ್ಕೂ ತನ್ನ ಅಗಲವನ್ನು ತಾನೇ ತೀರ್ಮಾನಿಸುವ ಜೀವಂತ ಅಂಗ.

ಆ ತೀರ್ಮಾನವನ್ನು ಕಣ್ಣಾರೆ ನೋಡುವ ಅವಕಾಶ ಸ್ನಾತಕೋತ್ತರ ವ್ಯಾಸಂಗದ ದಿನಗಳಲ್ಲಿ ನನಗೆ ಸಿಕ್ಕಿತ್ತು. ಮಲಗಿರುವ ವ್ಯಕ್ತಿಯ ಮೊಣಕೈಗಿಂತ ಸ್ವಲ್ಪ ಮೇಲೆ ಅಲ್ಟ್ರಾಸೌಂಡ್ ಸಾಧನವನ್ನು ಇಟ್ಟರೆ ತೋಳಿನ ಅಪಧಮನಿ ಪರದೆಯ ಮೇಲೆ ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ಪಟ್ಟಿಯಂತೆ ಕಾಣಿಸುತ್ತದೆ. ಅದರ ಅಗಲ ಮೂರರಿಂದ ಐದು ಮಿಲಿಮೀಟರಿನಷ್ಟು. ಮುಂಗೈಗೆ ಬಿಪಿ ನೋಡುವ ಪಟ್ಟಿಯನ್ನು ಸುತ್ತಿ, ರಕ್ತ ಹರಿಯದಷ್ಟು ಗಾಳಿ ತುಂಬಿ, ಐದು ನಿಮಿಷ ಹಾಗೆಯೇ ಬಿಡುತ್ತೇವೆ. ಕೈ ಜೋಮು ಹಿಡಿಯುತ್ತದೆ, ಬೆರಳುಗಳು ಬಿಳಿಚಿಕೊಳ್ಳುತ್ತವೆ. ಆಮೇಲೆ ಗಾಳಿಯನ್ನು ಒಮ್ಮೆಲೇ ಬಿಟ್ಟಾಗ ತಡೆದಿದ್ದ ರಕ್ತ ರಭಸದಿಂದ ನುಗ್ಗುತ್ತದೆ, ಮತ್ತು ಒಂದು ನಿಮಿಷದ ಆಸುಪಾಸಿನಲ್ಲಿ ಆ ಕಪ್ಪು ಪಟ್ಟಿ ಮೆಲ್ಲಗೆ ಅಗಲವಾಗುತ್ತದೆ. ಆರೋಗ್ಯವಂತ ಯುವಕರಲ್ಲಿ ಈ ಹಿಗ್ಗುವಿಕೆ ಶೇಕಡಾ 5ರಿಂದ 10ರ ಆಸುಪಾಸಿನಲ್ಲಿರುತ್ತದೆ, ಅಂದರೆ ಮಿಲಿಮೀಟರಿನ ಕೆಲವೇ ದಶಾಂಶಗಳಷ್ಟು. ಮೊದಲ ಬಾರಿ ಹೃದಯ ವೈಫಲ್ಯದ ರೋಗಿಯೊಬ್ಬರ ತೋಳನ್ನು ಹೀಗೆ ಅಳೆದಾಗ ಗಾಳಿ ಬಿಟ್ಟ ಮೇಲೆ ನಾನು ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದೆ. ಗೆರೆಗಳು ಕದಲಲಿಲ್ಲ. ಸಾಧನ ಜರುಗಿರಬೇಕೆಂದುಕೊಂಡು ಮತ್ತೆ ಸರಿಪಡಿಸಿ ನೋಡಿದೆ, ಅದು ಜರುಗಿರಲಿಲ್ಲ. ಬಳಿಕ ನಾಳದ ಸ್ನಾಯುವನ್ನು ನೇರವಾಗಿ ಸಡಿಲಿಸುವ ನೈಟ್ರೊಗ್ಲಿಸರಿನ್ ಔಷಧವನ್ನು ನಾಲಿಗೆಯ ಕೆಳಗೆ ಇಟ್ಟಾಗ ಅದೇ ನಾಳ ಕೆಲವು ನಿಮಿಷಗಳಲ್ಲಿ ಹಿಗ್ಗಿತು. ಎಂದರೆ ಹಿಗ್ಗುವ ಶಕ್ತಿ ನಾಳದ ಸ್ನಾಯುವಿನಲ್ಲಿ ಉಳಿದಿತ್ತು. ಹಿಗ್ಗು ಎಂದು ಹೇಳಬೇಕಾದವರು ಸುಮ್ಮನಾಗಿದ್ದರು.

ಹಾಗೆ ಹೇಳಬೇಕಾದದ್ದು ಎಂಡೋಥೀಲಿಯಂ ಎಂಬ ಒಳಪದರ. ದೇಹದ ಪ್ರತಿಯೊಂದು ರಕ್ತನಾಳದ ಒಳಗೋಡೆಗೂ ಒಂದೇ ಒಂದು ಜೀವಕೋಶದಷ್ಟು ದಪ್ಪದ ಈ ಹಾಸು ಇರುತ್ತದೆ. 1980ರವರೆಗೂ ಹೆಚ್ಚಿನವರು ಇದನ್ನು ರಕ್ತ ಸೋರದಂತೆ ತಡೆಯುವ ಅಸ್ತರಿಯೆಂದು ಮಾತ್ರ ಬಗೆದಿದ್ದರು. ಆ ವರ್ಷ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಹೇಳುವಾಗಲೆಲ್ಲ ನನಗೇ ರೋಮಾಂಚನವಾಗುತ್ತದೆ. ಮೊಲದ ಮಹಾಪಧಮನಿಯ ತುಂಡುಗಳಿಗೆ, ನರಗಳು ಸಂದೇಶಕ್ಕೆ ಬಳಸುವ ವಸ್ತುವಾದ ಅಸಿಟೈಲ್‌ಕೋಲಿನ್ ಹಾಕಿದರೆ ಕೆಲವು ಸಡಿಲಗೊಳ್ಳುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತ ಹೋದಾಗ, ತುಂಡುಗಳನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋದವು ಮಾತ್ರ ಸಡಿಲಗೊಳ್ಳುತ್ತಿಲ್ಲ ಎಂಬುದು ತಿಳಿಯಿತು. ಒಳಪದರ ಕಳೆದುಕೊಂಡ ಪಟ್ಟಿಯನ್ನು ಒಳಪದರವಿರುವ ಇನ್ನೊಂದು ಪಟ್ಟಿಗೆ ಮುಖಾಮುಖಿಯಾಗಿ ಒತ್ತಿಟ್ಟು ನೋಡಿದರು. ಸಡಿಲಗೊಳ್ಳಲಾರದ ಪಟ್ಟಿಯೂ ಆಗ ಸಡಿಲಗೊಂಡಿತು. ಒಳಪದರದಿಂದ ಏನೋ ಒಂದು ವಸ್ತು ಹೊರಬಂದು ಪಕ್ಕದ ಸ್ನಾಯುವಿಗೆ ದಾಟುತ್ತಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? 1987ರಲ್ಲಿ ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಸ್ಪಷ್ಟವಾಯಿತು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಸಂದಿತು.

ನೈಟ್ರಿಕ್ ಆಕ್ಸೈಡ್ ಒಂದು ಸಾರಜನಕ ಮತ್ತು ಒಂದು ಆಮ್ಲಜನಕದ ಪರಮಾಣುಗಳಿಂದಾದ ಅನಿಲ. ಒಳಪದರದ ಜೀವಕೋಶದಲ್ಲಿರುವ ಕಿಣ್ವವೊಂದು ಅರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ಅದನ್ನು ತಯಾರಿಸುತ್ತದೆ. ರಕ್ತ ವೇಗವಾಗಿ ಹರಿದು ಗೋಡೆಯನ್ನು ಸವರಿದಷ್ಟೂ ತಯಾರಿಕೆ ಹೆಚ್ಚುತ್ತದೆ. ಅನಿಲವು ಪಕ್ಕದ ಸ್ನಾಯುಕೋಶಕ್ಕೆ ಇಳಿದು, ಅಲ್ಲಿ ಗ್ವಾನಿಲೇಟ್ ಸೈಕ್ಲೇಸ್ ಎಂಬ ಇನ್ನೊಂದು ಕಿಣ್ವವನ್ನು ಎಚ್ಚರಿಸಿ, ಸ್ನಾಯುವನ್ನು ಸಡಿಲಗೊಳಿಸುತ್ತದೆ. ಅದರ ಆಯುಸ್ಸು ಕೆಲವೇ ಸೆಕೆಂಡು. ಇಷ್ಟು ಅಲ್ಪಾಯುಷಿಯಾದ ಕಣಕ್ಕೆ ದಾರಿಯಲ್ಲಿ ಹೊಂಚುಹಾಕುವ ಶತ್ರುವೊಂದಿದೆ, ಅದು ಸೂಪರ್‌ಆಕ್ಸೈಡ್.

ನಾವು ಉಸಿರಾಡುವ ಆಮ್ಲಜನಕದ ಅಣುವಿಗೆ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಅಂಟಿಕೊಂಡರೆ ಅದೇ ಸೂಪರ್‌ಆಕ್ಸೈಡ್. ಇದನ್ನು ನಿಭಾಯಿಸಲೆಂದೇ ದೇಹದಲ್ಲಿ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವಿದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಅದನ್ನು ಗುರುತಿಸಿದರು. ಇಂಥ ಕಣಗಳ ಉತ್ಪತ್ತಿ ಅವುಗಳನ್ನು ತಣಿಸುವ ಶಕ್ತಿಯನ್ನು ಮೀರಿದಾಗ ಉಂಟಾಗುವ ಸ್ಥಿತಿಯನ್ನೇ ಉತ್ಕರ್ಷಣ ಒತ್ತಡ ಎನ್ನುತ್ತೇವೆ. ರಕ್ತನಾಳದ ಮಟ್ಟಿಗೆ ಅದರ ಅತಿ ದೊಡ್ಡ ಹಾನಿ ಏನೆಂದರೆ, ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡಿನೊಡನೆ ಎದುರಾದ ಕೂಡಲೇ ಕೂಡಿಕೊಳ್ಳುತ್ತದೆ. ರಕ್ಷಕ ಕಿಣ್ವವು ಸೂಪರ್‌ಆಕ್ಸೈಡನ್ನು ಹಿಡಿಯುವುದಕ್ಕಿಂತಲೂ ವೇಗವಾಗಿ ನಡೆಯುವ ಈ ಕೂಟದಿಂದ ಪೆರಾಕ್ಸಿನೈಟ್ರೈಟ್ ಎಂಬ, ಪ್ರೋಟೀನುಗಳನ್ನೂ ಕೊಬ್ಬಿನ ಪೊರೆಗಳನ್ನೂ ಘಾಸಿಗೊಳಿಸುವ ವಸ್ತು ಹುಟ್ಟುತ್ತದೆ. ನಾಳವನ್ನು ಸಡಿಲಿಸಬೇಕಾದ ಸಂದೇಶವೂ ಹಾಳಾಯಿತು, ಸುತ್ತಲಿನ ಕೋಶಗಳಿಗೆ ಪೆಟ್ಟೂ ಬಿತ್ತು.

ಚಿಕ್ಕಮ್ಮ ಹೇಳಿದ ತುಕ್ಕಿನ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದು ಇಲ್ಲಿಯೇ. ತುಕ್ಕು ಹೊರಗಿನಿಂದ ಕೂರುತ್ತದೆ, ಕೆರೆದರೆ ಹೋಗುತ್ತದೆ. ಹೃದಯ ವೈಫಲ್ಯದಲ್ಲಿ ಈ ಕಣಗಳನ್ನು ನಾಳದ ಗೋಡೆಯೇ, ತನಗೆ ಬಂದ ಆಜ್ಞೆಯಂತೆ, ತಯಾರಿಸುತ್ತಿರುತ್ತದೆ. ಹೃದಯದಿಂದ ಬರುವ ರಕ್ತ ಕಡಿಮೆಯಾದಾಗ ಮೂತ್ರಪಿಂಡಗಳು ದೇಹದಲ್ಲಿ ರಕ್ತವೇ ಕಡಿಮೆಯಾಗಿದೆಯೆಂದು ಭಾವಿಸಿ ರೆನಿನ್ ಎಂಬ ಕಿಣ್ವವನ್ನು ಬಿಡುಗಡೆ ಮಾಡುತ್ತವೆ, ಅದರಿಂದ ಆಂಜಿಯೊಟೆನ್ಸಿನ್ ಎರಡು ಎಂಬ ಹಾರ್ಮೋನು ಏರುತ್ತದೆ. ಗಾಯವಾಗಿ ರಕ್ತ ಸೋರುತ್ತಿದ್ದರೆ ಇದು ಜೀವ ಉಳಿಸುವ ವ್ಯವಸ್ಥೆ. ಸೋತ ಹೃದಯವಿರುವವರಲ್ಲಿ ಅದೇ ವ್ಯವಸ್ಥೆ ತಿಂಗಳುಗಟ್ಟಲೆ ಬಿಡುವಿಲ್ಲದೆ ನಡೆಯುತ್ತದೆ. ಆಂಜಿಯೊಟೆನ್ಸಿನ್ ನಾಳಗಳನ್ನು ನೇರವಾಗಿ ಬಿಗಿಯುವುದಲ್ಲದೆ, ನಾಳದ ಗೋಡೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೆರಳಿಸುತ್ತದೆ. ಸೂಪರ್‌ಆಕ್ಸೈಡ್ ತಯಾರಿಸುವುದೇ ಆ ಕಿಣ್ವದ ಕಸುಬು. ಇದರ ಜೊತೆಗೆ ಅದೇ ಕಣವನ್ನು ಹುಟ್ಟಿಸುವ ಜಾಂಥೀನ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವಿದೆ, ಜೀವಕೋಶಕ್ಕೆ ಶಕ್ತಿ ಒದಗಿಸಿ ದಣಿದ ಮೈಟೊಕಾಂಡ್ರಿಯಗಳಿಂದ ಸೋರುವ ಎಲೆಕ್ಟ್ರಾನುಗಳಿವೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಇನ್ನೊಂದು ಮೂಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಅಣು ಬೇಕು. ಪೆರಾಕ್ಸಿನೈಟ್ರೈಟ್ ಈ ಸಹಾಯಕವನ್ನು ಕೆಡಿಸುತ್ತದೆ. ಸಹಾಯಕ ಇಲ್ಲದಾದಾಗ ಕಿಣ್ವ ಸುಮ್ಮನೆ ಕೂರುವುದಿಲ್ಲ; ಅರ್ಜಿನಿನ್‌ಗೆ ದಾಟಿಸಬೇಕಾದ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ದಾಟಿಸಿ, ತಾನೇ ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ಕಾಯುವವನೇ ಕನ್ನ ಹಾಕತೊಡಗಿದ ಹಾಗೆ. ಹರಿವು ತಗ್ಗಿರುವುದರಿಂದ ಗೋಡೆಯನ್ನು ಸವರುವ ರಕ್ತದ ವೇಗವೂ ತಗ್ಗಿ ಕಿಣ್ವದ ಪ್ರಮಾಣವೇ ಕುಗ್ಗುತ್ತದೆ. ನಾಳ ಬಿಗಿದಂತೆ ಹೃದಯಕ್ಕೆ ಹೊರೆ ಹೆಚ್ಚುತ್ತದೆ, ಹೃದಯ ಇನ್ನಷ್ಟು ಸೋಲುತ್ತದೆ, ಆಂಜಿಯೊಟೆನ್ಸಿನ್ ಇನ್ನಷ್ಟು ಏರುತ್ತದೆ. ಈ ವಿಷವರ್ತುಲದಲ್ಲಿ ಹೃದಯ ಮೊದಲೋ ನಾಳ ಮೊದಲೋ ಎಂದು ಕೇಳುವುದರಲ್ಲಿ, ಕಾಯಿಲೆ ಹಳೆಯದಾದ ಮೇಲೆ, ಹೆಚ್ಚಿನ ಅರ್ಥವಿಲ್ಲ.

ರೋಗಿಗೆ ಇದೆಲ್ಲ ಅನುಭವಕ್ಕೆ ಬರುವುದು ದಣಿವಾಗಿ. ನಾಲ್ಕು ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳಿಗೆ ಹೋಗುವ ನಾಳಗಳು ಹಿಗ್ಗಬೇಕು. ಹಿಗ್ಗದಿದ್ದರೆ ಕಾಲು ಕಲ್ಲಾಗುತ್ತದೆ. "ಉಸಿರಿಗಿಂತ ಮೊದಲು ಕಾಲೇ ಸೋಲುತ್ತದೆ" ಎಂದು ಚಿಕ್ಕಮ್ಮ ಹೇಳುವಾಗ ನನಗೆ ಆ ಕದಲದ ಬಿಳಿ ಗೆರೆಗಳು ನೆನಪಾಗುತ್ತವೆ. ಶ್ವಾಸಕೋಶದ ನಾಳಗಳು ಬಿಗಿದರೆ ಹೃದಯದ ಬಲಭಾಗಕ್ಕೆ ಹೊರೆ. ಹೃದಯದ ಸ್ವಂತ ಸಣ್ಣ ನಾಳಗಳು ಬಿಗಿದರೆ ದುಡಿಯುವ ಸ್ನಾಯುವಿಗೇ ಹಸಿವು.

ಹಾಗಿದ್ದರೆ ಉತ್ಕರ್ಷಣವನ್ನು ತಡೆಯುವ ವಿಟಮಿನ್ ಕೊಟ್ಟರಾಯಿತಲ್ಲ? ಈ ಯೋಚನೆ ಎಲ್ಲರಿಗೂ ಬಂದಿತ್ತು, ಅದಕ್ಕೆ ಆಧಾರವೂ ಇತ್ತು. 1998ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಹೃದಯ ವೈಫಲ್ಯದವರಿಗೆ ವಿಟಮಿನ್ ಸಿ ಕೊಟ್ಟಾಗ ತೋಳಿನ ಅಪಧಮನಿಯ ಹಿಗ್ಗುವಿಕೆ ಸುಧಾರಿಸಿತ್ತು. ನಾಳದ ತೊಂದರೆಯಲ್ಲಿ ಸೂಪರ್‌ಆಕ್ಸೈಡಿನ ಕೈವಾಡವಿದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷ್ಯ. ಆದರೆ ಅಗಲದ ಅಳತೆ ಬೇರೆ, ಬದುಕಿನ ಅಳತೆ ಬೇರೆ. ಹೃದ್ರೋಗದ ಅಪಾಯವಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಹೋಪ್ ಪರೀಕ್ಷೆಯಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರೂ ಹೃದಯಾಘಾತವಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ ಎಂದು 2000ದಲ್ಲಿ ತಿಳಿಯಿತು. ಅದನ್ನೇ ಮುಂದುವರಿಸಿ ಸುಮಾರು ಏಳು ವರ್ಷಗಳ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದಾಗ, ವಿಟಮಿನ್ ಇ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯದ ಅಪಾಯ ಶೇಕಡಾ 13ರಷ್ಟು ಹೆಚ್ಚಾಗಿತ್ತು. ನಾನು ಚಿಕ್ಕಮ್ಮನಿಗೆ ಬೇಡವೆಂದದ್ದು ಇದೇ ಕಾರಣಕ್ಕೆ. ಡಬ್ಬಿಯ ಮೇಲೆ ಈ ಸಂಗತಿ ಇರುವುದಿಲ್ಲ.

ವಿಟಮಿನ್ ಸೋತದ್ದೇಕೆ? ಒಂದು ಕಾರಣ ಶುದ್ಧ ರಸಾಯನಶಾಸ್ತ್ರದ್ದು. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡಿನೊಡನೆ ಕೂಡುವ ವೇಗಕ್ಕೆ ಹೋಲಿಸಿದರೆ ವಿಟಮಿನ್ ಸಿಯೊಡನೆ ಕೂಡುವ ವೇಗ ಹತ್ತಾರು ಸಾವಿರ ಪಟ್ಟು ಕಡಿಮೆ. ಪೈಪೋಟಿಯಲ್ಲಿ ವಿಟಮಿನ್ ಗೆಲ್ಲಬೇಕಾದರೆ ಮಾತ್ರೆ ನುಂಗಿ ಮುಟ್ಟಲಾಗದ ಸಾಂದ್ರತೆಯಲ್ಲಿ ಅದು ರಕ್ತದಲ್ಲಿರಬೇಕು. ವಿಟಮಿನ್ ಇ ಅಂತೂ ಕೊಬ್ಬಿನ ಪೊರೆಗಳಲ್ಲಿ ನೆಲೆಸುವ ವಸ್ತು, ಜಗಳ ನಡೆಯುವ ಜಾಗದಲ್ಲಿ ಅದು ಇರುವುದೇ ಇಲ್ಲ. ಇನ್ನೊಂದು ಕಾರಣ ಇದಕ್ಕಿಂತ ಆಳದ್ದು: ಹೈಡ್ರೊಜನ್ ಪೆರಾಕ್ಸೈಡಿನಂಥ ಕಣಗಳು ಮಿತ ಪ್ರಮಾಣದಲ್ಲಿ ಜೀವಕೋಶಗಳು ಪರಸ್ಪರ ಆಡುವ ಮಾತಿನ ಭಾಗ. ಎಲ್ಲವನ್ನೂ ಒಟ್ಟಿಗೆ ಒರೆಸಲು ಹೊರಟರೆ ಬೇಕಾದ ಮಾತೂ ಅಳಿಸಿಹೋಗಬಹುದು. ನಲ್ಲಿ ತೆರೆದೇ ಇರುವಾಗ ನೆಲ ಒರೆಸುತ್ತ ಕೂರುವುದಕ್ಕಿಂತ ನಲ್ಲಿಯನ್ನು ತಿರುಗಿಸುವುದೇ ಸರಿಯಾದ ದಾರಿ ಎಂದು ಈ ಸಾಹಿತ್ಯವನ್ನು ಓದುತ್ತ ಬಂದ ನನಗೆ ದೃಢವಾಗಿದೆ.

ಆದರೆ ಯಾವ ನಲ್ಲಿ ಎಂಬುದೂ ಮುಖ್ಯ. ಜಾಂಥೀನ್ ಆಕ್ಸಿಡೇಸನ್ನು ತಡೆಯುವ ಅಲೊಪ್ಯೂರಿನಾಲ್ ಚಿಕ್ಕ ಅಧ್ಯಯನಗಳಲ್ಲಿ ನಾಳದ ಸ್ಪಂದನೆಯನ್ನು ಉತ್ತಮಪಡಿಸಿತ್ತು. ಯೂರಿಕ್ ಆಮ್ಲ ಹೆಚ್ಚಿದ್ದ 253 ಹೃದಯ ವೈಫಲ್ಯದ ರೋಗಿಗಳಿಗೆ 24 ವಾರ ಅದನ್ನು ಕೊಟ್ಟು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿಗಳ ಸ್ಥಿತಿಯಾಗಲಿ ನಡೆಯುವ ಶಕ್ತಿಯಾಗಲಿ ಸುಧಾರಿಸಲಿಲ್ಲ. ಆಂಜಿಯೊಟೆನ್ಸಿನ್‌ನ ನಲ್ಲಿಯ ಕತೆ ಬೇರೆ. ಅದರ ಉತ್ಪತ್ತಿಯನ್ನು ತಡೆಯುವ ಎನಲಾಪ್ರಿಲ್ ತೀವ್ರ ಹೃದಯ ವೈಫಲ್ಯದಲ್ಲಿ ಸಾವನ್ನು ಕಡಿಮೆ ಮಾಡುತ್ತದೆ ಎಂದು 1987ರಲ್ಲಿಯೇ ಕಂಡುಬಂದಿತ್ತು. ಆಂಜಿಯೊಟೆನ್ಸಿನ್ ಹೊರಡಿಸುವ ಆಲ್ಡೊಸ್ಟೆರೋನ್ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ 1999ರ ರೇಲ್ಸ್ ಪರೀಕ್ಷೆಯಲ್ಲಿ ಸಾವಿನ ಅಪಾಯವನ್ನು ಶೇಕಡಾ 30ರಷ್ಟು ತಗ್ಗಿಸಿತು. ಮರುವರ್ಷ ಬಂದ ಚಿಕ್ಕ ಅಧ್ಯಯನವೊಂದು ಆ ಔಷಧ ನಾಳಗಳಲ್ಲಿ ನೈಟ್ರಿಕ್ ಆಕ್ಸೈಡಿನ ಪ್ರಭಾವವನ್ನೂ ಹೆಚ್ಚಿಸುತ್ತದೆಂದು ತೋರಿಸಿತು. ಇವು ಯಾವುವೂ ಉತ್ಕರ್ಷಣ ನಿರೋಧಕ ಎಂಬ ಹೆಸರಿನಲ್ಲಿ ಮಾರಾಟವಾಗುವ ಔಷಧಗಳಲ್ಲ. ಆದರೂ ಸೂಪರ್‌ಆಕ್ಸೈಡ್ ಹುಟ್ಟುವ ಆಜ್ಞೆಯನ್ನೇ ತಡೆಯುವ ಕೆಲಸವನ್ನು ಇವು ದಿನವೂ ಮಾಡುತ್ತಿವೆ. ಇದು ಅವುಗಳ ಏಕೈಕ ಉಪಕಾರವೇನಲ್ಲ, ಹೃದಯದ ಸ್ನಾಯುವಿನ ಮೇಲೂ ಮೂತ್ರಪಿಂಡದ ಮೇಲೂ ಅವುಗಳಿಗೆ ಬೇರೆ ಪ್ರಭಾವಗಳಿವೆ.

ನಾಳವನ್ನು ಹೇಗಾದರೂ ಹಿಗ್ಗಿಸಿದರೆ ಸಾಕು ಎಂದೂ ಹೇಳುವಂತಿಲ್ಲ. 1986ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ 642 ರೋಗಿಗಳ ಪರೀಕ್ಷೆಯ ಫಲಿತಾಂಶ ಹೊರಬಂತು. ನಾಳ ಹಿಗ್ಗಿಸುವ ಪ್ರಾಜೋಸಿನ್ ಔಷಧ ಕೊಟ್ಟವರಲ್ಲಿ ರಕ್ತದೊತ್ತಡ ಇಳಿಯಿತು, ಆದರೆ ಸಾವು ಕಡಿಮೆಯಾಗಲಿಲ್ಲ. ಹೈಡ್ರಲಜಿನ್ ಮತ್ತು ಐಸೊಸಾರ್ಬೈಡ್ ಡೈನೈಟ್ರೇಟ್ ಎರಡನ್ನೂ ಸೇರಿಸಿ ಕೊಟ್ಟವರಲ್ಲಿ ಆಯುಸ್ಸು ಹೆಚ್ಚಿತು. ಈ ಜೋಡಿಯಲ್ಲಿ ನೈಟ್ರೇಟು ದೇಹಕ್ಕೆ ನೈಟ್ರಿಕ್ ಆಕ್ಸೈಡನ್ನು ಒದಗಿಸುತ್ತದೆ. ಹೈಡ್ರಲಜಿನ್ ನಾಳದ ಗೋಡೆಯ ಆಕ್ಸಿಡೇಸನ್ನು ಹತ್ತಿಕ್ಕಿ ಆ ನೈಟ್ರಿಕ್ ಆಕ್ಸೈಡ್ ಹಾಳಾಗದಂತೆ ಕಾಯುತ್ತದೆಂದು ಮುಂದೆ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ತಮ್ಮನ್ನು ಕಪ್ಪು ಜನಾಂಗದವರೆಂದು ಗುರುತಿಸಿಕೊಂಡ 1,050 ಅಮೆರಿಕನ್ ರೋಗಿಗಳಲ್ಲಿ ಇದೇ ಜೋಡಿಯನ್ನು ಉಳಿದ ಔಷಧಗಳ ಜೊತೆಗೆ ಕೊಟ್ಟಾಗ ಸಾವು ಶೇಕಡಾ 43ರಷ್ಟು ಕಡಿಮೆಯಾಯಿತು. ಈ ಫಲಿತಾಂಶ ಪ್ರಕಟವಾದದ್ದು 2004ರಲ್ಲಿ. ಚರ್ಮದ ಬಣ್ಣ ನೈಟ್ರಿಕ್ ಆಕ್ಸೈಡಿನ ಕೊರತೆಗೆ ತೀರ ಒರಟಾದ ಅಳತೆಗೋಲು ಎಂಬುದು ನನ್ನ ಅಭಿಪ್ರಾಯ. ರಕ್ತದಲ್ಲಿಯೋ ನಾಳದಲ್ಲಿಯೋ ಆ ಕೊರತೆಯನ್ನು ನೇರವಾಗಿ ಅಳೆದು ಔಷಧ ಆರಿಸುವ ದಿನ ಬರಬೇಕು.

ಇತ್ತೀಚಿನ ದಾರಿಯೊಂದು ನನಗೆ ಬಹಳ ಹಿಡಿಸಿದೆ. ನೈಟ್ರಿಕ್ ಆಕ್ಸೈಡ್ ದಾರಿಯಲ್ಲಿಯೇ ಹಾಳಾಗುತ್ತಿದ್ದರೆ, ಅದು ತಲುಪಬೇಕಾದ ಗ್ವಾನಿಲೇಟ್ ಸೈಕ್ಲೇಸನ್ನು ನಾವೇ ಎಚ್ಚರಿಸಬಹುದಲ್ಲ? ವೆರಿಸಿಗ್ವಾಟ್ ಮಾಡುವುದು ಅದನ್ನೇ. ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 2020ರ ವಿಕ್ಟೋರಿಯಾ ಪರೀಕ್ಷೆಯಲ್ಲಿ ಹೃದ್ರೋಗದಿಂದ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರಬೇಕಾಗಿ ಬಂದವರ ಪ್ರಮಾಣ ಶೇಕಡಾ 38.5ರಿಂದ 35.5ಕ್ಕೆ ಇಳಿಯಿತು. ಲಾಭ ದೊಡ್ಡದಲ್ಲ, ಆದರೆ ನಿಜವಾದದ್ದು.

ಹೃದಯ ಚೆನ್ನಾಗಿ ಕುಗ್ಗುತ್ತಿದ್ದರೂ ಸಡಿಲಗೊಳ್ಳಲಾರದ ಬಗೆಯ ವೈಫಲ್ಯದಲ್ಲಿ ಒಳಪದರದ ಪಾತ್ರ ಇನ್ನೂ ದೊಡ್ಡದಿರಬಹುದೆಂದು 2013ರಲ್ಲಿ ಪೌಲಸ್ ಮತ್ತು ಚೋಪೆ ವಾದಿಸಿದರು. ಬೊಜ್ಜು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡಗಳು ಹೃದಯದ ಸಣ್ಣ ನಾಳಗಳ ಒಳಪದರದಲ್ಲಿ ಉರಿಯೂತ ಮತ್ತು ಉತ್ಕರ್ಷಣ ಒತ್ತಡ ತಂದು, ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ, ಪಕ್ಕದ ಸ್ನಾಯುಕೋಶಗಳೊಳಗಿನ ಟೈಟಿನ್ ಎಂಬ ಸ್ಪ್ರಿಂಗಿನಂಥ ಪ್ರೋಟೀನು ಗಡುಸಾಗುತ್ತದೆ ಎಂಬುದು ಅವರ ಚಿತ್ರಣ. ಚಿತ್ರಣ ಸೊಗಸಾಗಿದೆ, ಚಿಕಿತ್ಸೆ ಮಾತ್ರ ಅಷ್ಟು ಸುಲಭವಾಗಿ ಒದಗಲಿಲ್ಲ. 2015ರಲ್ಲಿ ಇಂಥ ರೋಗಿಗಳಿಗೆ ದೀರ್ಘಕಾಲ ಕೆಲಸ ಮಾಡುವ ನೈಟ್ರೇಟ್ ಕೊಟ್ಟು ನೋಡಿದಾಗ ಅವರ ದಿನದ ಓಡಾಟ ಹೆಚ್ಚುವ ಬದಲು ಕಡಿಮೆಯಾಯಿತು.

ಔಷಧವಲ್ಲದ ಒಂದು ಉಪಾಯವನ್ನು ಹೇಳದೆ ಬಿಡಲಾರೆ. ರಕ್ತ ಗೋಡೆಯನ್ನು ವೇಗವಾಗಿ ಸವರಿದಾಗ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ ಎಂದೆನಲ್ಲ, ವ್ಯಾಯಾಮ ಮಾಡುವುದು ಅದನ್ನೇ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೃದಯ ವೈಫಲ್ಯದವರು ನಾಲ್ಕು ವಾರ ದಿನವೂ ಮುಷ್ಟಿ ಬಿಗಿದು ಬಿಡುವ ಅಭ್ಯಾಸ ಮಾಡಿದಾಗ, ಆ ತೋಳಿನ ಅಪಧಮನಿಯ ಹಿಗ್ಗುವಿಕೆ ಮರಳಿ ಬಂತು. ಅಭ್ಯಾಸ ನಿಲ್ಲಿಸಿ ಆರು ವಾರವಾದ ಮೇಲೆ ನೋಡಿದರೆ ಅದು ಮತ್ತೆ ಹೊರಟುಹೋಗಿತ್ತು. ಹೃದಯ ಅದೇ, ಔಷಧ ಅದೇ. ಬದಲಾದದ್ದು ಆ ತೋಳಿನಲ್ಲಿ ದಿನವೂ ಹರಿದ ರಕ್ತದ ವೇಗ. 2,331 ರೋಗಿಗಳ ಮೇಲೆ ವ್ಯಾಯಾಮವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಸಾವು ಮತ್ತು ಆಸ್ಪತ್ರೆ ವಾಸದ ಮೇಲಿನ ಲಾಭ ಅಲ್ಪವಾಗಿತ್ತು, ಆದರೆ ವ್ಯಾಯಾಮ ಸುರಕ್ಷಿತವೆಂದು ಅದು ತೋರಿಸಿತು. ಕಾಯಿಲೆ ಸ್ಥಿರವಾಗಿರುವಾಗ, ವೈದ್ಯರು ಹೇಳಿದ ಮಿತಿಯಲ್ಲಿ ಮಾಡುವ ನಡಿಗೆಯ ಬಗ್ಗೆ ನನ್ನ ಮಾತು.

ನಿನ್ನೆ ಚಿಕ್ಕಮ್ಮನಿಗೆ ಮತ್ತೆ ಫೋನ್ ಮಾಡಿ ಇದರಲ್ಲಿ ಅರ್ಧದಷ್ಟನ್ನು ಹೇಳಿದೆ. ಡಬ್ಬಿಯನ್ನು ತಂದುಕೊಟ್ಟವರಿಗೇ ಹಿಂತಿರುಗಿಸಿದ್ದಾರಂತೆ. ಮುಷ್ಟಿ ಬಿಗಿಯುವ ಅಧ್ಯಯನದ ವಿಷಯ ಬಂದಾಗ ಮಾತ್ರ ತಡೆದು, "ಆರು ವಾರ ಬಿಟ್ಟರೆ ಎಲ್ಲ ಹೋಗಿಬಿಡುತ್ತದಾ?" ಎಂದು ಎರಡು ಸಲ ಕೇಳಿದರು. ಹೌದು ಎಂದೆ. "ಹಾಗಾದರೆ ಸಂಜೆ ನಡೆಯುವುದನ್ನು ತಪ್ಪಿಸುವ ಹಾಗಿಲ್ಲ ಅನ್ನು" ಎಂದು, ಮುಂದಿನ ವಾರ ಡಾಕ್ಟರನ್ನು ಕಾಣುವಾಗ ಎಷ್ಟು ದೂರ ನಡೆಯಬಹುದೆಂದು ಕೇಳಲು ಚೀಟಿಯಲ್ಲಿ ಬರೆದಿಟ್ಟುಕೊಂಡರು.